ಬೇಸ್‌ಮೆಂಟಿನ ರಿಮ್ ಜಾಯಿಸ್ಟ್‌ಗೆ ಸ್ಪ್ರೇ ಫೋಮ್: ಶುರುವಿಂದ ಕೊನೆಯವರೆಗೆ

ಜನವರಿಯ ಒಂದು ರಾತ್ರಿ. ಹೊರಗೆ ಮೈನಸ್ 20 ಡಿಗ್ರಿ. ಬೇಸ್‌ಮೆಂಟಿನಲ್ಲಿ ಸ್ಟೂಲ್ ಹತ್ತಿ ನಿಂತು, ಗೋಡೆಯ ತುದಿಯಲ್ಲಿ ತುರುಕಿದ್ದ ಗುಲಾಬಿ ಬಣ್ಣದ, ಹತ್ತಿಯಂಥ ಫೈಬರ್‌ಗ್ಲಾಸ್ ತುಂಡೊಂದನ್ನು ಎಳೆದೆ. ಹಿಂದೆ ಮರದ ಹಲಗೆ. ಹೊರಗಿಂದ ಹೊಡೆದ ಮೊಳೆಗಳ ಚೂಪು ತುದಿಗಳು ಒಳಗೆ ಇಣುಕುತ್ತಿದ್ದವು. ಒಂದೊಂದು ತುದಿಗೂ ಹಿಮದ ಬಿಳಿ ಟೋಪಿ. ಟಾರ್ಚ್ ಬಿಟ್ಟರೆ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. ನೋಡೋಕೆ ಚೆಂದವೇ. ಆದರೆ ಬಿಸಿ ಗಾಳಿ ಕೊಡುವ ಫರ್ನೆಸ್ ಓಡುತ್ತಿರುವ ಮನೆಯ ಒಳಗೇ ಹಿಮ ಬೆಳೆಯುತ್ತಿದೆ ಅಂದರೆ, ಅದು ಕರಗುವ ದಿನ ನೀರೆಲ್ಲ ಎಲ್ಲಿಗೆ ಹೋಗುತ್ತೆ? ಆ ಮರದೊಳಗೇ ಅಲ್ವಾ?

ಆ ಹಲಗೆಯೇ ರಿಮ್ ಜಾಯಿಸ್ಟ್. ಚಳಿ ಸೀಮೆಯ ಮರದ ಮನೆಗಳಲ್ಲಿ ಕೈಗೆ ಸುಲಭವಾಗಿ ಸಿಗುವ, ಆದರೂ ಯಾರೂ ತಿರುಗಿ ನೋಡದ ಜಾಗ ಇದು. ಇಲ್ಲಿ ಸ್ಪ್ರೇ ಫೋಮ್, ಅಂದರೆ ಸಿಂಪಡಿಸಿದ ಮೇಲೆ ಉಬ್ಬಿ ಗಟ್ಟಿಯಾಗಿ ಚಳಿ, ಗಾಳಿ ತಡೆಯುವ ನೊರೆ, ಹಾಕುವ ಕೆಲಸವನ್ನು ನಾನು ಒಮ್ಮೆ ಕೆಡಿಸಿ, ಆಮೇಲೆ ಸರಿಯಾಗಿ ಮಾಡಿದ್ದೇನೆ. ಗನ್ ಹಿಡಿದು ಸ್ಪ್ರೇ ಮಾಡಿದ್ದು ಒಂದೇ ಗಂಟೆ. ಅದಕ್ಕೆ ಮುಂಚಿನ ತಯಾರಿಗೆ ಎರಡು ದಿನ ಹಿಡಿಯಿತು. ಹಾಗಾಗಿ ಈ ಬರಹದಲ್ಲೂ ತಯಾರಿಯ ಮಾತೇ ಜಾಸ್ತಿ.

ಈ ಹಲಗೆ ಎಲ್ಲಿದೆ, ಯಾಕೆ ಇಷ್ಟು ತಣ್ಣಗೆ

ಮನೆಯ ಅಡಿಪಾಯದ ಕಾಂಕ್ರೀಟ್ ಗೋಡೆಯ ಮೇಲೆ ಒಂದು ಹಲಗೆ ಮಲಗಿಸಿರುತ್ತಾರೆ. ಅದು ಸಿಲ್ ಪ್ಲೇಟ್. ಅದರ ಮೇಲೆ ನೆಲ ಹೊರುವ ತೊಲೆಗಳು ಸಾಲಾಗಿ ಕೂರುತ್ತವೆ. ಆ ತೊಲೆಗಳ ತುದಿಗೆ ಅಡ್ಡಲಾಗಿ, ಇಡೀ ಮನೆಗೆ ಒಡ್ಯಾಣ ಕಟ್ಟಿದ ಹಾಗೆ ಸುತ್ತುವರಿದ ಹಲಗೆ ರಿಮ್ ಜಾಯಿಸ್ಟ್. ಎರಡು ತೊಲೆಗಳ ನಡುವಿನ ಪೆಟ್ಟಿಗೆಯಂಥ ಜಾಗವನ್ನು ನಾನು ಅಂಕಣ ಅಂತ ಕರೆಯುತ್ತೇನೆ. ಅಮೆರಿಕ, ಕೆನಡಾದ ಮನೆಗಳಲ್ಲಿ ತೊಲೆಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, ಸಾಮಾನ್ಯವಾಗಿ 16 ಇಂಚು ಇರುತ್ತದೆ. ಹಾಗಾಗಿ ಒಂದು ಅಂಕಣದ ಅಗಲ 14.5 ಇಂಚು. 2 ಬೈ 10 ಅಂತ ಹೆಸರಿನಲ್ಲಿ ಮಾರುವ ತೊಲೆಯಾದರೆ ನಿಜವಾದ ಎತ್ತರ 9.25 ಇಂಚು.

ಈ ಹಲಗೆಯ ದಪ್ಪ ಒಂದೂವರೆ ಇಂಚು. ಶಾಖ ತಡೆಯುವ ಶಕ್ತಿಯನ್ನು ಆರ್ ಮೌಲ್ಯದಲ್ಲಿ ಅಳೆಯುತ್ತಾರೆ. ಅಷ್ಟು ಮರಕ್ಕೆ ಆರ್-2 ಕೂಡ ಸಿಗುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ತೊಂದರೆ ಗಾಳಿಯದು. ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಹೋದಷ್ಟು ಗಾಳಿ ಕೆಳಗಿನಿಂದ ಒಳಗೆ ಬರಲೇಬೇಕು. ಕಾಂಕ್ರೀಟ್ ಎಂದೂ ಮಟ್ಟಸವಾಗಿರುವುದಿಲ್ಲ, ಮರ ಒಣಗಿ ಸೊಟ್ಟಗಾಗುತ್ತದೆ. ಸಿಲ್ ಪ್ಲೇಟ್ ಮತ್ತು ಕಾಂಕ್ರೀಟ್ ನಡುವೆ, ಸಿಲ್ ಪ್ಲೇಟ್ ಮತ್ತು ರಿಮ್ ನಡುವೆ, ರಿಮ್ ಮತ್ತು ಮೇಲಿನ ನೆಲದ ಹಲಗೆಯ ನಡುವೆ, ಹೀಗೆ ಮೂರು ಉದ್ದನೆಯ ಸಂದು ಇಡೀ ಮನೆ ಸುತ್ತುತ್ತವೆ. ಚಳಿ ಜಾಸ್ತಿಯಾದಷ್ಟೂ ಈ ಸೆಳೆತವೂ ಜಾಸ್ತಿ. ಮೇಲಿನ ಕೋಣೆಯಲ್ಲಿ ಕಾಲು ತಣ್ಣಗಾಗಲು ಬಹಳ ಸಲ ಇದೇ ಕಾರಣ.

ಫೈಬರ್‌ಗ್ಲಾಸ್ ಇತ್ತಲ್ಲ, ಅದು ಸಾಲದಾ ಅಂತ ಕೇಳಬಹುದು. ಅದು ಗಾಳಿಯನ್ನು ತಡೆಯುವುದಿಲ್ಲ, ಸೋಸುತ್ತದೆ ಅಷ್ಟೆ. ಹಳೇ ತುಂಡು ತೆಗೆದು ನೋಡಿ. ಗಾಳಿ ನುಗ್ಗುವ ಕಡೆ ಮಸಿ ಬಳಿದ ಹಾಗೆ ಕಪ್ಪಾಗಿರುತ್ತದೆ. ಅದು ವರ್ಷಗಟ್ಟಲೆ ಸೋಸಿದ ಧೂಳು. ಇನ್ನೊಂದು ಕೇಡೂ ಇದೆ. 21 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ, 40 ಶೇಕಡಾ ತೇವದ ಗಾಳಿ ಸುಮಾರು 7 ಡಿಗ್ರಿಯ ವಸ್ತು ತಾಗಿದರೆ ಬೆವರು ಬಿಡುತ್ತದೆ. ಫೈಬರ್‌ಗ್ಲಾಸ್ ಹಿಂದಿನ ಮರ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಮನೆಯ ಗಾಳಿ ಹತ್ತಿಯಂಥ ಆ ಪದರದೊಳಗೆ ನುಸುಳಿ ಹೋಗಿ ಮರಕ್ಕೆ ನೀರು ಕುಡಿಸುತ್ತದೆ. ಮೊಳೆ ತುದಿಯ ಹಿಮ ಬಂದಿದ್ದು ಹೀಗೆ. ಬೂಷ್ಟು ಬರುವುದೂ ಹೀಗೇ.

ಚಳಿಯಲ್ಲಿ ಹುಡುಕಿ, ಬೆಚ್ಚಗಿರುವಾಗ ಮಾಡಿ

ಸಂದು ಹುಡುಕಲು ಕೊರೆಯುವ ಚಳಿಯ ದಿನವೇ ಬೇಕು. ಒಂದು ಊದಿನಕಡ್ಡಿ ಹಚ್ಚಿ ರಿಮ್ ಉದ್ದಕ್ಕೂ ನಿಧಾನವಾಗಿ ಹಿಡಿಯುತ್ತಾ ಹೋಗಿ. ಗಾಳಿ ನುಗ್ಗುವಲ್ಲಿ ಹೊಗೆಯ ಎಳೆ ಥಟ್ಟನೆ ಒಳಕ್ಕೆ ಬಾಗುತ್ತದೆ. ಫೈಬರ್‌ಗ್ಲಾಸ್‌ಗೆ ಅಂಟಿಸಿದ ಕಾಗದ ಹೊತ್ತಿಕೊಳ್ಳುತ್ತದೆ, ಕಿಡಿ ದೂರ ಇರಲಿ. ಜೇಡರ ಬಲೆಯೂ ಒಳ್ಳೆ ಗುರುತು. ಗಾಳಿ ಬರುವಲ್ಲಿ ಹುಳ ಬರುತ್ತವೆ, ಹುಳ ಬರುವಲ್ಲಿ ಜೇಡ ಮನೆ ಮಾಡುತ್ತದೆ. ಸಿಕ್ಕಿದ ಜಾಗಕ್ಕೆಲ್ಲ ಚಾಕ್‌ನಲ್ಲಿ ಗುರುತು ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ.

ಫೋಮ್ ಕೆಲಸ ಮಾತ್ರ ಆಗ ಬೇಡ. ಆ ಚಳಿಯಲ್ಲಿ ಹಲಗೆಯೇ ಐಸ್ ಆಗಿರುತ್ತದೆ. ತಣ್ಣನೆ ಮರದ ಮೇಲೆ ಫೋಮ್ ಸರಿಯಾಗಿ ಉಬ್ಬುವುದಿಲ್ಲ, ಗಟ್ಟಿಯಾಗಿ ಅಂಟುವುದೂ ಇಲ್ಲ. ಚಳಿ ಇಳಿದ ಮೇಲೆ, ಇಲ್ಲ ಮತ್ತೆ ಶುರುವಾಗುವ ಮುಂಚೆ ಮಾಡಿ. ಕಿಟಕಿ ತೆಗೆದಿಟ್ಟು ಗಾಳಿ ಆಡಿಸಲೂ ಆಗ ಸುಲಭ.

ಮೊದಲು ನೀರು

ಒದ್ದೆ ಮರಕ್ಕೆ ಫೋಮ್ ಹೊಡೆದರೆ ಒಳಗಡೆಯಿಂದ ಅದು ಒಣಗುವ ದಾರಿ ಮುಚ್ಚಿದ ಹಾಗೆ. ಲಡ್ಡು ಹಿಡಿದರೂ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಹಳೇ ಫೈಬರ್‌ಗ್ಲಾಸ್ ಎಲ್ಲ ತೆಗೆದು, ಮನೆಯ ಸುತ್ತ ಒಂದೊಂದು ಅಂಕಣವನ್ನೂ ನೋಡಿ. ಸ್ಕ್ರೂಡ್ರೈವರ್ ತುದಿಯಿಂದ ಮರ ಚುಚ್ಚಿ. ಗಟ್ಟಿ ಮರ ಕಟ್ ಅನ್ನುತ್ತದೆ. ಕೊಳೆತದ್ದರಲ್ಲಿ ತುದಿ ಮೆತ್ತಗೆ ಒಳಗೆ ಇಳಿಯುತ್ತದೆ. ತೇವ ಅಳೆಯುವ ಚಿಕ್ಕ ಮೀಟರ್ ಒಂದು ಕೈಯಲ್ಲಿದ್ದರೆ ಒಳ್ಳೇದು. 18 ಶೇಕಡಾಕ್ಕಿಂತ ಕೆಳಗಿದ್ದರೆ ಮುಂದುವರಿಯಿರಿ. ಮೇಲಿದ್ದರೆ ನಿಲ್ಲಿಸಿ, ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಮೂರು ಜಾಗದ ಮೇಲೆ ನನಗೆ ಮೊದಲು ಅನುಮಾನ. ಹೊರಗಿನ ಮರದ ಡೆಕ್ಕನ್ನು ಮನೆಗೆ ಬೋಲ್ಟ್ ಮಾಡಿರುವ ಕಡೆ, ಹೊರಬಾಗಿಲ ಹೊಸ್ತಿಲ ಕೆಳಗೆ, ಮತ್ತೆ ಹೊರಗಿನ ಮಣ್ಣು ಏರಿ ಸಿಲ್ ಪ್ಲೇಟ್ ಮಟ್ಟಕ್ಕೆ ಬಂದಿರುವ ಕಡೆ. ನನ್ನ ಮನೆಯಲ್ಲಿ ಹೊಸ್ತಿಲ ಕೆಳಗಿನ ಎರಡು ಅಂಕಣ ಒದ್ದೆಯಾಗಿದ್ದವು. ಹೊರಗೆ ತಗಡಿನ ಅಂಚು ಸರಿಮಾಡಿ, ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟೆ. ಆ ಎರಡಕ್ಕೆ ಕೊನೆಗೆ ಫೋಮ್ ಬಿತ್ತು.

ಕೆಲವು ಮನೆಗಳಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಹಳೇ ಇಟ್ಟಿಗೆ ಅಥವಾ ಕಲ್ಲಿನ ಗೋಡೆಯಲ್ಲಿ ಗೂಡು ಮಾಡಿ ತೊಲೆಯ ತುದಿಗಳನ್ನು ಅದರೊಳಗೆ ಕೂರಿಸಿದ್ದರೆ, ಒಳಗಿನ ಶಾಖವೇ ಆ ತುದಿಗಳನ್ನು ಒಣಗಿಸಿಡುತ್ತಿರಬಹುದು. ಫೋಮ್ ಹಾಕಿದ ಮೇಲೆ ಇಟ್ಟಿಗೆ ತಣ್ಣಗಾಗಿ ಒದ್ದೆಯಾಗೇ ಉಳಿಯುತ್ತದೆ, ತೊಲೆ ತುದಿ ಕೊಳೆಯಬಹುದು. ಇದಕ್ಕೆ ಹಳೇ ಕಟ್ಟಡ ಬಲ್ಲವರು ಬಂದು ನೋಡಬೇಕು. ಹಾಗೆಯೇ ಪಿಂಗಾಣಿ ಗುಬ್ಬಿಗಳ ಮೇಲೆ ಎಳೆದ ತುಂಬಾ ಹಳೇ ವೈರಿಂಗ್ ಇದ್ದರೆ, ಅದನ್ನು ಬದಲಿಸುವ ತನಕ ಫೋಮ್ ಮಾತು ಬೇಡ. ಆ ತಂತಿಗಳ ಬಿಸಿ ಸುತ್ತಲಿನ ಗಾಳಿಗೆ ಹೋಗಬೇಕು.

ಯಾವ ಫೋಮ್, ಎಷ್ಟು

ಎರಡು ಬಗೆ ಇವೆ. ಓಪನ್ ಸೆಲ್ ಫೋಮ್ ಸ್ಪಂಜಿನ ಹಾಗೆ ಮೆತ್ತಗೆ. ಇಂಚಿಗೆ ಸುಮಾರು ಆರ್-3.5. ಗಾಳಿ ತಡೆಯುತ್ತದೆ, ಆದರೆ ನೀರಾವಿ ಅದರೊಳಗೆ ಹಾದು ಹೋಗುತ್ತದೆ. ಚಳಿ ಸೀಮೆಯ ರಿಮ್‌ಗೆ ಇದು ಸರಿಯಲ್ಲ. ಕ್ಲೋಸ್ಡ್ ಸೆಲ್ ಫೋಮ್ ಗಟ್ಟಿ. ಇಂಚಿಗೆ ಆರ್-6ರಿಂದ 7. ಎರಡು ಇಂಚು ಹಾಕಿದರೆ ನೀರಾವಿಯನ್ನೂ ಬಹುಪಾಲು ತಡೆಯುತ್ತದೆ. ನಮಗೆ ಬೇಕಿರುವುದು ಇದೇ.

ದಪ್ಪ ಎಷ್ಟಿರಲಿ? ನನ್ನ ಪ್ರಕಾರ ಎರಡು ಇಂಚು, ಅದರ ಮುಂದೆ ಕಲ್ಲಿನ ಎಳೆಗಳಿಂದ ಮಾಡಿದ ಉಣ್ಣೆಯಂಥ ಮಿನರಲ್ ವುಲ್. ಎರಡು ಇಂಚು ಫೋಮ್‌ನಿಂದ ಸುಮಾರು ಆರ್-13 ಬರುತ್ತದೆ. ಅದರ ಮುಂದೆ ಮೂರೂವರೆ ಇಂಚಿನ ಮಿನರಲ್ ವುಲ್ ತುಂಡು ತುರುಕಿದರೆ ಇನ್ನೊಂದು ಆರ್-15. ಗಾಳಿ ಮತ್ತು ತೇವ ತಡೆಯುವ ಕೆಲಸ ಫೋಮ್ ಮಾಡುತ್ತದೆ, ಉಳಿದ ಬೆಚ್ಚಗೆ ಕಮ್ಮಿ ಖರ್ಚಿನ ವುಲ್ ಕೊಡುತ್ತದೆ. ಆದರೆ ವುಲ್ಲಿನ ಆರ್ ಮೌಲ್ಯ ಫೋಮಿನದಕ್ಕಿಂತ ತೀರಾ ಜಾಸ್ತಿ ಆಗಬಾರದು. ಹಾಗಾದರೆ ಫೋಮಿನ ಮುಖ ಮತ್ತೆ ತಣ್ಣಗಾಗಿ, ಅದೇ ಬೆವರಿನ ಕಥೆ ಶುರುವಾಗುತ್ತದೆ.

ಕಿಟ್‌ಗಳನ್ನು ಬೋರ್ಡ್ ಫುಟ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪ, ಇದು ಒಂದು ಬೋರ್ಡ್ ಫುಟ್. 30 ಅಡಿಗೆ 40 ಅಡಿ ಮನೆಯ ಸುತ್ತಳತೆ 140 ಅಡಿ. ರಿಮ್ ಹಲಗೆಯ ಎತ್ತರ 9.25 ಇಂಚು. ಸಿಲ್ ಪ್ಲೇಟಿನ ಮೇಲ್ಮೈ 4 ಇಂಚಿನಷ್ಟು ಹೊರಗೆ ಕಾಣುತ್ತದೆ. ಅದರ ಅಂಚು ಒಂದೂವರೆ ಇಂಚು. ಒಟ್ಟು ಸುಮಾರು 15 ಇಂಚು, ಅಂದರೆ ಒಂದೂಕಾಲು ಅಡಿ. 140ನ್ನು 1.25ರಿಂದ ಗುಣಿಸಿದರೆ 175 ಚದರಡಿ. ಎರಡು ಇಂಚು ದಪ್ಪಕ್ಕೆ 350 ಬೋರ್ಡ್ ಫುಟ್. ಬಹಳ ಜನ ಸಿಲ್ ಪ್ಲೇಟ್ ಲೆಕ್ಕ ಮರೆತು 200ರ ಕಿಟ್ ತಂದು ಅರ್ಧದಲ್ಲಿ ಕೂರುತ್ತಾರೆ. ಡಬ್ಬದ ಮೇಲೆ ಬರೆದಷ್ಟು ಫೋಮ್ ಕೈಗೆ ಸಿಗುವುದೂ ಇಲ್ಲ. ಕಾಲು ಭಾಗ ಜಾಸ್ತಿ ಹಿಡಿಯಿರಿ. ಈ ಮನೆಗೆ 600ರ ಕಿಟ್ ಬೇಕು.

ಮನೆಯಲ್ಲಿ ಆಸ್ತಮಾ ಇರುವವರಿದ್ದರೆ, ಇಲ್ಲ ಬೇಸ್‌ಮೆಂಟ್ ಮೇಲಿನ ಮನೆಗೆ ಬಾಗಿಲಿಲ್ಲದೆ ತೆರೆದುಕೊಂಡಿದ್ದರೆ, ಈ ಕೆಲಸ ವೃತ್ತಿಯವರಿಗೇ ಬಿಡಿ. ಮನೆಯವರು ಆ ದಿನ ಬೇರೆ ಕಡೆ ಉಳಿದುಕೊಳ್ಳಲಿ.

ಉಸಿರಿನ ವಿಷಯ

ಕಿಟ್‌ನಲ್ಲಿ ಎರಡು ಟ್ಯಾಂಕ್. ಎ ಟ್ಯಾಂಕಿನಲ್ಲಿ ಐಸೋಸಯನೇಟ್ ಇರುತ್ತದೆ, ಬಿ ಟ್ಯಾಂಕಿನಲ್ಲಿ ರಾಳದಂಥ ದ್ರವ. ಗನ್ನಿನ ನಾಜಲ್ ಒಳಗೆ ಎರಡೂ ಬೆರೆತು ಉಬ್ಬುತ್ತವೆ. ಪೂರ್ತಿ ಗಟ್ಟಿಯಾದ ಮೇಲೆ ತೊಂದರೆ ಕಮ್ಮಿ. ಸ್ಪ್ರೇ ಆಗುವಾಗಿನ ಮಂಜು ಮಾತ್ರ ಕೆಟ್ಟದ್ದು. ಐಸೋಸಯನೇಟ್‌ನಿಂದ ಆಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಅದರ ಅಲರ್ಜಿ ಹತ್ತಿತೆಂದರೆ, ಮುಂದೆ ಚೂರು ತಾಗಿದರೂ ಉಸಿರು ಕಟ್ಟಬಹುದು. ಧೂಳಿನ ಬಟ್ಟೆ ಮಾಸ್ಕ್ ಇಲ್ಲಿ ಯಾತಕ್ಕೂ ಬರುವುದಿಲ್ಲ.

ಬೇಕಾದ್ದು ಇಷ್ಟು: ಮುಖ ಪೂರ್ತಿ ಮುಚ್ಚುವ ರೆಸ್ಪಿರೇಟರ್, ಅದಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಮತ್ತು ಪಿ100 ಫಿಲ್ಟರ್, ತಲೆಗವಸು ಇರುವ ಬಿಸಾಡುವ ಸೂಟ್, ನೈಟ್ರೈಲ್ ಗ್ಲೌಸ್. ಗ್ಲೌಸ್ ತುದಿಯನ್ನು ತೋಳಿಗೆ ಟೇಪ್ ಮಾಡಿ. ಗಡ್ಡ ಇದ್ದರೆ ಬೋಳಿಸಬೇಕು. ಕೂದಲ ಮೇಲೆ ಮಾಸ್ಕಿನ ರಬ್ಬರ್ ಗಟ್ಟಿಯಾಗಿ ಕೂರುವುದಿಲ್ಲ. ಚರ್ಮಕ್ಕೆ ಅಂಟಿದ ಫೋಮ್ ಸೋಪಿಗೂ ಬಿಡುವುದಿಲ್ಲ, ದಿನಗಟ್ಟಲೆ ಸವೆದೇ ಹೋಗಬೇಕು.

ಒಂದು ಕಿಟಕಿಗೆ ಹೊರಮುಖವಾಗಿ ಫ್ಯಾನ್ ಇಡಿ, ಎದುರು ಬದಿಯಲ್ಲಿ ಇನ್ನೊಂದು ಕಿಟಕಿ ತೆಗೆಯಿರಿ. ಫರ್ನೆಸ್, ಎಸಿ ಬಂದ್ ಮಾಡಿ. ಬೇಸ್‌ಮೆಂಟಿನ ಗಾಳಿ ಎಳೆಯುವ ಕಿಂಡಿಗಳಿಗೆ ಪ್ಲಾಸ್ಟಿಕ್ ಅಂಟಿಸಿ, ಇಲ್ಲದಿದ್ದರೆ ಆ ವಾಸನೆ ಮಲಗುವ ಕೋಣೆ ಸೇರುತ್ತದೆ. ಗ್ಯಾಸ್ ವಾಟರ್ ಹೀಟರಿನ ಪೈಲಟ್ ಉರಿ ಆರಿಸಿ. ಮಕ್ಕಳು, ನಾಯಿ ಬೆಕ್ಕು ಎಲ್ಲ ಹೊರಗೆ. ವಾಪಸ್ ಬರಲು ಎಷ್ಟು ಹೊತ್ತು ಅಂತ ಡಬ್ಬದ ಕೈಪಿಡಿಯಲ್ಲಿ ಬರೆದಿರುತ್ತದೆ, ಸಾಮಾನ್ಯವಾಗಿ 24 ಗಂಟೆ.

ಜಾಗ ಸಿದ್ಧ ಮಾಡುವುದು

ಹಳೇ ಫೈಬರ್‌ಗ್ಲಾಸ್ ತೆಗೆದಾದ ಮೇಲೆ ಒಣ ಬ್ರಷ್‌ನಲ್ಲಿ ಉಜ್ಜಿ, ವ್ಯಾಕ್ಯೂಮ್ ಹಾಕಿ. ಧೂಳಿಗೆ ಅಂಟಿದ ಫೋಮ್ ಧೂಳಿನ ಜೊತೆಗೇ ಕಿತ್ತು ಬರುತ್ತದೆ. ಸಿಲ್ ಪ್ಲೇಟ್ ಮೇಲೆ ಮನೆ ಕಟ್ಟಿದ ಕಾಲದ ಮರದ ಹೊಟ್ಟು, ಇಲಿ ಹಿಕ್ಕೆ, ಬಗ್ಗಿದ ಮೊಳೆ ಎಲ್ಲ ಸಿಗುತ್ತವೆ. ಇಲಿ ಹಿಕ್ಕೆ ಇದ್ದರೆ ಒಣ ಬ್ರಷ್, ವ್ಯಾಕ್ಯೂಮ್ ಬೇಡ. ಸೋಂಕು ಕೊಲ್ಲುವ ದ್ರವ ಚಿಮುಕಿಸಿ, ನೆನೆದ ಮೇಲೆ ಕಾಗದದಲ್ಲಿ ಒರೆಸಿ ತೆಗೆಯಿರಿ. ಆ ಅಂಕಣಗಳು ಮತ್ತೆ ಒಣಗಬೇಕು. ಬೆರಳು ತೂರುವಷ್ಟು ದೊಡ್ಡ ತೂತಿದ್ದರೆ ಮೊದಲು ಸ್ಟೀಲ್ ವುಲ್ ತುರುಕಿ. ಫೋಮ್ ಇಲಿಯನ್ನು ತಡೆಯುವುದಿಲ್ಲ, ಕಡಿದುಕೊಂಡು ಬರುತ್ತದೆ.

ಈಗ ಒಂದೊಂದು ಅಂಕಣದಲ್ಲಿ ಏನೇನಿದೆ ಅಂತ ನೋಡಬೇಕು. ಇಲ್ಲಿ ಅವಸರ ಬೇಡ.

ನೀರಿನ ಪೈಪು ಇದ್ದರೆ ಫೋಮ್ ಅದರ ಹಿಂದೆ ಹೋಗಬೇಕು, ಮುಂದೆ ಅಲ್ಲ. ಪೈಪು ಮನೆಯ ಬೆಚ್ಚಗಿನ ಕಡೆಗೇ ತೆರೆದಿರಬೇಕು. ಪೈಪನ್ನು ಫೋಮಿನಲ್ಲಿ ಮುಳುಗಿಸಿದರೆ ಅದು ಚಳಿಯ ಕಡೆ ಸೇರುತ್ತದೆ, ಹೆಪ್ಪುಗಟ್ಟಿ ಒಡೆಯುತ್ತದೆ. ಹೊರಗಿನ ನಲ್ಲಿಗೆ ಹೋಗುವ ಪೈಪು ಗೋಡೆ ದಾಟುವ ಕೊನೆಯ ಕೆಲವು ಇಂಚು ಮಾತ್ರ ಫೋಮಿನೊಳಗೆ ಇರಲಿ. ಬಂದ್ ಮಾಡುವ ವಾಲ್ವ್ ಯಾವತ್ತೂ ಮುಚ್ಚಬೇಡಿ.

ಹೊಗೆ ಕೊಳವೆ, ಚಿಮಣಿ ಹತ್ತಿರ ಫೋಮ್ ಬರಕೂಡದು. ಕೊಳವೆಯ ಮೇಲೆ ಎಷ್ಟು ಅಂತರ ಬೇಕೆಂದು ಬರೆದಿರುತ್ತದೆ. ಗ್ಯಾಸ್ ಉಪಕರಣದ ಕೊಳವೆ ಬಿ ವೆಂಟ್ ಅನ್ನುವ ಎರಡು ಪದರದ್ದಾದರೆ ಸಾಮಾನ್ಯವಾಗಿ ಒಂದು ಇಂಚು, ಒಂದೇ ಪದರದ ತಗಡಿನದಾದರೆ ಆರು ಇಂಚು. ಆ ಅಂಕಣವನ್ನು ತಗಡು ಮತ್ತು ಬೆಂಕಿ ತಡೆಯುವ ಸೀಲಂಟ್‌ನಿಂದ ಮುಚ್ಚಿ. ಫರ್ನೆಸ್‌ಗೆ ಗಾಳಿ ತರುವ ಕಿಂಡಿ, ಬಟ್ಟೆ ಒಣಗಿಸುವ ಮೆಷಿನ್ನಿನ ಹೊರದಾರಿ, ಇವುಗಳ ಬಾಯಿ ಮುಚ್ಚಬೇಡಿ. ಸುತ್ತಲಿನ ಸಂದು ಮಾತ್ರ ಮುಚ್ಚಿ.

ವೈರುಗಳನ್ನು ಆದಷ್ಟು ಮುಂದಕ್ಕೆ ಎಳೆದು ಕಟ್ಟಿ. ಒಂದೆರಡು ಕೇಬಲ್ ಫೋಮಿನಲ್ಲಿ ಹಾದು ಹೋದರೆ ಪರವಾಗಿಲ್ಲ. ಕಟ್ಟುಗಟ್ಟಲೆ ಕೇಬಲ್ ಒಟ್ಟಿಗೆ ಮುಳುಗಿದರೆ ಬಿಸಿ ಹೊರಗೆ ಹೋಗದು. ಅಮೆರಿಕದ ವಿದ್ಯುತ್ ನಿಯಮದಲ್ಲಿ, ಎರಡಕ್ಕಿಂತ ಜಾಸ್ತಿ ಕೇಬಲ್ ಅಂತರವಿಲ್ಲದೆ ಇನ್ಸುಲೇಶನ್‌ಗೆ ತಾಗಿ ಹೋದರೆ ಅವು ಹೊರಬಹುದಾದ ಕರೆಂಟನ್ನೇ ಕಡಿಮೆ ಲೆಕ್ಕ ಹಿಡಿಯಬೇಕು. ಸ್ವಿಚ್ ಡಬ್ಬ, ಜಂಕ್ಷನ್ ಡಬ್ಬಗಳಿಗೆ ಟೇಪ್ ಸುತ್ತಿ.

ನೆಲಕ್ಕೆ, ಗೋಡೆಗೆ, ಸಾಮಾನುಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿ. ಫೋಮಿನ ಸಣ್ಣ ತುಣುಕು ಎಲ್ಲಿ ಬಿದ್ದರೂ ಅದು ಅಲ್ಲಿಯದೇ ಆಗಿಬಿಡುತ್ತದೆ.

ನನ್ನ ಮೊದಲ ಎಡವಟ್ಟು: ಟ್ಯಾಂಕಿನ ಬಿಸಿ

ಮೊದಲ ಸಲ ನಾನು ಟ್ಯಾಂಕ್‌ಗಳನ್ನು ಹಿಂದಿನ ರಾತ್ರಿಯೇ ತಂದು ಬೇಸ್‌ಮೆಂಟಿನ ಕಾಂಕ್ರೀಟ್ ನೆಲದ ಮೇಲಿಟ್ಟೆ. ಬೆಳಗ್ಗೆ ಕೋಣೆ 20 ಡಿಗ್ರಿ ತೋರಿಸುತ್ತಿತ್ತು. ಸಾಕು ಅಂದುಕೊಂಡೆ. ಹೊಡೆದ ಫೋಮ್ ಮೊದಲು ಚೆನ್ನಾಗೇ ಕಂಡಿತು. ಹತ್ತು ನಿಮಿಷ ಬಿಟ್ಟು ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು. ಅಂಟಂಟು. ಕೋಣೆಯ ಗಾಳಿ ಬೆಚ್ಚಗಾಗಿತ್ತು, ಟ್ಯಾಂಕಿನ ಒಡಲು ಆಗಿರಲಿಲ್ಲ. ತಣ್ಣನೆ ದ್ರವ ದಪ್ಪಗಾಗಿ ಎರಡೂ ಸಮನಾಗಿ ಬರುವುದಿಲ್ಲ. ಆ ಐದು ಅಂಕಣ ಪೂರ್ತಿ ಕೆತ್ತಿ ತೆಗೆಯಬೇಕಾಯಿತು. ಒಂದು ದಿನ, ಒಂದು ಕಿಟ್ ಎರಡೂ ಹಾಳು.

ಹೆಚ್ಚಿನ ಕಿಟ್‌ಗಳು ದ್ರವ 21ರಿಂದ 29 ಡಿಗ್ರಿ ಸೆಲ್ಸಿಯಸ್ ಇರಬೇಕು ಅನ್ನುತ್ತವೆ. ಟ್ಯಾಂಕ್‌ಗಳನ್ನು ಎರಡು ದಿನ ಮುಂಚೆ ಮನೆಯ ಬೆಚ್ಚನೆ ಕೋಣೆಯಲ್ಲಿ, ಹಲಗೆ ಅಥವಾ ರಟ್ಟಿನ ಮೇಲಿಡಿ. ಟ್ಯಾಂಕಿಗೆ ಅಂಟಿಸುವ ಥರ್ಮಾಮೀಟರ್ ಪಟ್ಟಿ ಇದ್ದರೆ ಅದನ್ನು ನಂಬಿ. ಹೀಟರ್ ಮುಂದೆ, ಬೆಂಕಿ ಮುಂದೆ ಇಟ್ಟು ಬಿಸಿ ಮಾಡಬೇಡಿ, ಒಳಗೆ ಒತ್ತಡ ಇದೆ. ಮರದ ಬಿಸಿಯೂ ಮುಖ್ಯ. ಕಿಟ್ ಹೇಳಿದ ಮಟ್ಟಕ್ಕೆ ಹಲಗೆ ಬಂದಿದೆಯಾ ಅಂತ ಇನ್ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನೋಡಿ.

ಸ್ಪ್ರೇ

ಟ್ಯಾಂಕ್‌ಗಳನ್ನು ಒಂದು ನಿಮಿಷ ಚೆನ್ನಾಗಿ ಅಲುಗಾಡಿಸಿ. ವಾಲ್ವ್‌ಗಳನ್ನು ನಿಧಾನ ತಿರುಗಿಸಿ, ಪೂರ್ತಿ ತೆರೆಯಿರಿ. ನಾಜಲ್ ಹಾಕದೆ ಗನ್ನನ್ನು ಒಂದು ಚೀಲದೊಳಗೆ ಹಿಡಿದು ಟ್ರಿಗರ್ ಒತ್ತಿ. ಎರಡು ದ್ರವದ ಧಾರೆ ಸಮನಾಗಿ ಬರಬೇಕು. ಒಂದು ಸಣ್ಣಗೆ, ಒಂದು ದಪ್ಪಗೆ ಬಂದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ. ಸರಿ ಇದ್ದರೆ ಗನ್ನಿನ ಮೂತಿ ಒರೆಸಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ನಾಜಲ್ ಹಾಕಿ. ಜೆಲ್ಲಿ ಇದ್ದರೆ ಮೂತಿಗೆ ಫೋಮ್ ಕಚ್ಚಿಕೊಳ್ಳುವುದಿಲ್ಲ.

ಮೊದಲ ಸ್ಪ್ರೇ ರಟ್ಟಿನ ಮೇಲೆ. ಬಣ್ಣ ಎಲ್ಲ ಕಡೆ ಒಂದೇ ಥರ ಇರಬೇಕು, ಒಂದು ನಿಮಿಷದೊಳಗೆ ಅಂಟು ಹೋಗಬೇಕು. ಇದು ಪಾಸ್ ಆದ ಮೇಲೆ ಗೋಡೆಯ ಕಡೆ ತಿರುಗಿ.

ಒಂದು ಅಂಕಣ ಹೀಗೆ ಮುಗಿಯುತ್ತದೆ. ಮೊದಲು ಫೋಟೋಗೆ ಚೌಕಟ್ಟು ಹಾಕಿದ ಹಾಗೆ ಅಂಚುಗಳನ್ನು ಹೊಡೆಯಿರಿ. ಮೇಲೆ ರಿಮ್ ಮತ್ತು ನೆಲದ ಹಲಗೆ ಸೇರುವ ಗೆರೆ, ಎಡಕ್ಕೆ ಬಲಕ್ಕೆ ತೊಲೆಗಳು ಸೇರುವ ಗೆರೆ, ಕೆಳಗೆ ಸಿಲ್ ಪ್ಲೇಟ್ ಸೇರುವ ಗೆರೆ. ಗಾಳಿ ಬರುವುದು ಇಲ್ಲಿಂದಲೇ. ಆಮೇಲೆ ಮಧ್ಯದ ಹಲಗೆ ತುಂಬಿ. ಕೊನೆಗೆ ಸಿಲ್ ಪ್ಲೇಟ್ ಮೇಲಿಂದ ಕೆಳಗಿಳಿದು, ಕಾಂಕ್ರೀಟ್ ಗೋಡೆಯ ತಲೆಯ ಮೇಲೂ ಒಂದೆರಡು ಇಂಚು ಹಾಯಿಸಿ. ಸಿಲ್ ಮತ್ತು ಕಾಂಕ್ರೀಟ್ ನಡುವಿನ ಸಂದು ಬಿಟ್ಟರೆ ಉಳಿದದ್ದು ಮಾಡಿಯೂ ಪ್ರಯೋಜನ ಕಮ್ಮಿ. ತೊಲೆಗಳ ಬದಿಗೂ ಒಂದೆರಡು ಇಂಚು ಫೋಮ್ ಏರಲಿ.

ಟ್ರಿಗರ್ ಪೂರ್ತಿ ಒತ್ತಿ, ಅರ್ಧಂಬರ್ಧ ಬೇಡ. ಕೈ ಒಂದೇ ವೇಗದಲ್ಲಿ ಆಡಲಿ. ಕಣ್ಣಿಗೆ ಕಮ್ಮಿ ಅನ್ನಿಸಿದರೂ ಉಬ್ಬಲು ಬಿಡಿ. ನಾಲ್ಕೈದು ಅಂಕಣ ಆಗುವಷ್ಟರಲ್ಲಿ ಕೈಗೆ ಲೆಕ್ಕ ಸಿಗುತ್ತದೆ. ನಡುವೆ ನಿಲ್ಲಿಸಿದರೆ ಸುಮಾರು 30 ಸೆಕೆಂಡಿನಲ್ಲಿ ನಾಜಲ್ ಒಳಗೇ ಫೋಮ್ ಗಟ್ಟಿಯಾಗುತ್ತದೆ. ಕಟ್ಟಿಕೊಂಡ ನಾಜಲ್ ಮೇಲೆ ಟ್ರಿಗರ್ ಒತ್ತಬೇಡಿ, ಒಂದು ದ್ರವ ಇನ್ನೊಂದರ ದಾರಿಗೆ ನುಗ್ಗಿ ಗನ್ನೇ ಹಾಳಾಗುತ್ತದೆ. ಬೇರೆ ನಾಜಲ್ ಹಾಕಿ. ಹಾಗಾಗಿ ಏಣಿ ಸರಿಸುವ ಕೆಲಸಕ್ಕೆ ಇನ್ನೊಬ್ಬರು ಇದ್ದರೆ ಎಷ್ಟೋ ನಾಜಲ್ ಉಳಿಯುತ್ತದೆ. ಅವರಿಗೂ ಇದೇ ಮಾಸ್ಕ್, ಇದೇ ಸೂಟ್.

ಒಂದು ಎಚ್ಚರಿಕೆ. ಒಂದೇ ಸಲಕ್ಕೆ ಎರಡು ಇಂಚಿಗಿಂತ ದಪ್ಪ ಹೊಡೆಯಬೇಡಿ. ಈ ಫೋಮ್ ಉಬ್ಬುವಾಗ ಒಳಗೊಳಗೇ ಬಿಸಿಯಾಗುತ್ತದೆ. ದಪ್ಪಗಿದ್ದರೆ ಬಿಸಿ ಹೊರಗೆ ಬರದೆ ಒಳಗೆ ಸುಟ್ಟು ಕಪ್ಪಾಗಬಹುದು, ಬೆಂಕಿಯೂ ಹತ್ತಬಹುದು. ಇನ್ನೊಂದು ಪದರ ಬೇಕಿದ್ದರೆ ಮೊದಲನೆಯದು ತಣ್ಣಗಾಗಲಿ. ರಟ್ಟಿನ ಮೇಲಿನ ಹಸಿ ಫೋಮನ್ನೂ ರಾಶಿ ಮಾಡಿ ಕಸದ ಚೀಲಕ್ಕೆ ತುರುಕಬೇಡಿ. ಹೊರಗೆ ಹರಡಿ ಇಟ್ಟು, ತಣ್ಣಗಾದ ಮೇಲೆ ಬಿಸಾಡಿ.

ತೊಲೆಗಳಿಗೆ ಸಮಾನಾಂತರವಾಗಿ ಓಡುವ ಎರಡು ಗೋಡೆಗಳಲ್ಲಿ ಕಷ್ಟ ಬೇರೆ. ಅಲ್ಲಿ ಕೊನೆಯ ತೊಲೆ ರಿಮ್‌ಗೆ ಎರಡು ಮೂರು ಇಂಚು ದೂರದಲ್ಲೇ ಇರಬಹುದು. ಗನ್ ತಿರುಗುವುದಿಲ್ಲ. ಸುಮ್ನೆ ಅಂದಾಜಿಗೆ ಒಳಗೆ ಹೊಡೆಯಬೇಡಿ, ಎರಡು ಇಂಚಿನ ಮಿತಿ ಅಲ್ಲಿ ಗೊತ್ತಿಲ್ಲದೆ ದಾಟಿಹೋಗುತ್ತದೆ. ಗಟ್ಟಿ ಫೋಮ್ ಬೋರ್ಡಿನ ಪಟ್ಟಿ ಕತ್ತರಿಸಿ ಒಳಗೆ ಜಾರಿಸಿ, ಕೆಳಗಿನ ಬಾಯಿಯನ್ನು ಸಣ್ಣ ಕ್ಯಾನಿನ ಫೋಮ್‌ನಿಂದ ಮುಚ್ಚಿ.

ಕೆಟ್ಟ ಫೋಮ್ ಗುರುತಿಸುವುದು

ಮಾರನೇ ದಿನ ಎಲ್ಲ ಕಡೆ ಬೆರಳು ಒತ್ತಿ ನೋಡಿ. ಒಳ್ಳೇ ಫೋಮ್ ಗಟ್ಟಿಯಾಗಿ, ಒಂದೇ ಬಣ್ಣದಲ್ಲಿ, ಮರಕ್ಕೆ ಕಚ್ಚಿಕೊಂಡಿರುತ್ತದೆ. ಮೆತ್ತಗೆ ಅಂಟಂಟಾಗಿದ್ದರೆ ರಾಳ ಜಾಸ್ತಿ ಬಿದ್ದಿದೆ. ಕಡು ಬಣ್ಣದಲ್ಲಿ, ಹಪ್ಪಳದ ಹಾಗೆ ಪುಡಿಯಾದರೆ ಐಸೋಸಯನೇಟ್ ಜಾಸ್ತಿ. ಎರಡನ್ನೂ ಕೆತ್ತಿ ತೆಗೆಯಲೇಬೇಕು. ಮೇಲೆ ಇನ್ನೊಂದು ಪದರ ಹೊಡೆದು ಮುಚ್ಚಿಟ್ಟರೆ ವಾಸನೆ ಹೋಗುವುದಿಲ್ಲ. ಮೀನಿನಂಥ ವಾಸನೆ ದಿನಗಟ್ಟಲೆ ನಿಂತರೆ ಎಲ್ಲೋ ಮಿಶ್ರಣ ಕೆಟ್ಟಿದೆ ಅಂತಲೇ ತಿಳಿಯಿರಿ. ಮರದಿಂದ ಫೋಮ್ ಬಿಟ್ಟುಕೊಂಡು ಗೆರೆ ಕಂಡರೆ, ಅಷ್ಟನ್ನು ಮಾತ್ರ ಕತ್ತರಿಸಿ ಕ್ಯಾನ್ ಫೋಮ್ ತುಂಬಿದರೆ ಸಾಕು.

ಬೆಂಕಿ, ಆಮೇಲಿನ ಕೆಲಸ

ಫೋಮ್ ಉರಿಯುವ ವಸ್ತು. ಅಮೆರಿಕದ ಮನೆ ಕಟ್ಟುವ ಮಾದರಿ ನಿಯಮ ಐಆರ್‌ಸಿಯಲ್ಲಿ ರಿಮ್ ಮತ್ತು ಸಿಲ್ ಪ್ಲೇಟ್‌ಗೆ ಒಂದು ರಿಯಾಯಿತಿ ಇದೆ. ದಪ್ಪ 3.25 ಇಂಚಿಗಿಂತ ಜಾಸ್ತಿ ಇರಬಾರದು, ಸಾಂದ್ರತೆ ಘನ ಅಡಿಗೆ ಅರ್ಧದಿಂದ ಎರಡು ಪೌಂಡ್ ಇರಬೇಕು, ಉರಿ ಹರಡುವ ಅಂಕ 25 ಮತ್ತು ಹೊಗೆಯ ಅಂಕ 450 ದಾಟಬಾರದು. ಇಷ್ಟಿದ್ದರೆ ಜಿಪ್ಸಮ್ ಬೋರ್ಡ್ ಮುಚ್ಚದೆ ಬಿಡಬಹುದು. ಅಂಕಗಳು ಕಿಟ್ ಮೇಲೆ ಬರೆದಿರುತ್ತವೆ. ಕೆನಡಾದಲ್ಲಿ ನಿಯಮ ಬೇರೆ, ಅಲ್ಲಿ ಫೋಮನ್ನು ಸಾಮಾನ್ಯವಾಗಿ ಮುಚ್ಚಬೇಕು. ಎಲ್ಲೇ ಆಗಲಿ, ಊರಿನ ಕಟ್ಟಡ ಕಚೇರಿಗೆ ಫೋನ್ ಮಾಡಿ ಕೇಳಿ. ಮಿನರಲ್ ವುಲ್ ಬೆಂಕಿಗೆ ಹೆದರುವುದಿಲ್ಲ. ನಾನು ಅದನ್ನು ಮುಂದೆ ಇಡಲು ಇದೂ ಒಂದು ಕಾರಣ.

ಸಂದು ಮುಚ್ಚಿದ ಮೇಲೆ ಮನೆಯ ಉಸಿರಾಟವೇ ಬದಲಾಗುತ್ತದೆ. ಚಿಮಣಿಯ ಸಹಜ ಸೆಳೆತದ ಮೇಲೆ ಓಡುವ ಹಳೇ ವಾಟರ್ ಹೀಟರ್ ಇದ್ದರೆ ಅದಕ್ಕೆ ಗಾಳಿ ಸಾಲದೆ ಹೊಗೆ ಒಳಗೇ ತಿರುಗಬಹುದು. ತಿಳಿದವರಿಂದ ಪರೀಕ್ಷೆ ಮಾಡಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಆಮೇಲೆ ಫೋಮ್. ನೆಲದೊಳಗಿಂದ ಮನೆಗೆ ಬರುವ ವಿಕಿರಣದ ಅನಿಲ ರೇಡಾನ್‌ನ ಮಟ್ಟವನ್ನೂ ಇನ್ನೊಮ್ಮೆ ಅಳೆಯಿರಿ.

ಕಿಟ್ ಬೇಡ ಅನ್ನುವವರಿಗೆ

ಎರಡು ಇಂಚಿನ ಗಟ್ಟಿ ಫೋಮ್ ಬೋರ್ಡನ್ನು ಅಂಕಣದ ಅಳತೆಗಿಂತ ಸುತ್ತ ಕಾಲು ಇಂಚು ಚಿಕ್ಕದಾಗಿ ಕತ್ತರಿಸಿ, ಒಳಗೆ ಕೂರಿಸಿ, ಸುತ್ತಲಿನ ಸಂದಿಗೆ ಕ್ಯಾನ್ ಫೋಮ್ ತುಂಬಬಹುದು. ನಿಧಾನದ ಕೆಲಸ. ಆದರೆ ಒಂದು ಸಂಜೆಗೆ ಹತ್ತು ಅಂಕಣದಂತೆ ಮಾಡಬಹುದು, ಮನೆ ಖಾಲಿ ಮಾಡಬೇಕಿಲ್ಲ. ಕಿಟಕಿ ತೆಗೆದು ಗ್ಲೌಸ್ ಹಾಕಿಕೊಳ್ಳಿ. ಸಿಲ್ ಪ್ಲೇಟಿನ ಕೆಳಗಿನ ಸಂದಿಗೂ ಕ್ಯಾನ್ ಓಡಿಸುವುದನ್ನು ಮರೆಯಬೇಡಿ. ಆದರೆ ತೆರೆದು ಬಿಡಬಹುದಾದ ಬೋರ್ಡ್‌ಗಳು ಕೆಲವೇ ಇವೆ. ಉಳಿದವುಗಳನ್ನು ಮುಚ್ಚಬೇಕು. ನಿಜ ಹೇಳಬೇಕೆಂದರೆ, ಚಿಕ್ಕ ಮನೆಗೆ ನಾನು ಇದನ್ನೇ ಹೇಳುತ್ತೇನೆ. ತೊಲೆಗಳ ಬದಿಯಲ್ಲಿ ವೈರು, ಪೈಪು ಕಿಕ್ಕಿರಿದ ಮನೆಗೆ ಮಾತ್ರ ಸ್ಪ್ರೇ ಒಳ್ಳೇದು. ಅಷ್ಟು ಸೊಟ್ಟ ತುಂಡು ಕತ್ತರಿಸುವ ತಾಳ್ಮೆ ಯಾರಿಗಿದೆ?

ಖಾಲಿ ಟ್ಯಾಂಕ್‌ಗಳನ್ನು ಹಾಗೇ ಕಸಕ್ಕೆ ಹಾಕಬೇಡಿ. ಒಳಗೆ ಒತ್ತಡ ಉಳಿದಿರುತ್ತದೆ. ಕೈಪಿಡಿ ಹೇಳಿದ ಹಾಗೆ ಒತ್ತಡ ಬಿಟ್ಟು, ಊರಿನ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಡಿ.

ಮುಂದಿನ ಚಳಿಗಾಲ ನಾನು ಮತ್ತೆ ಊದಿನಕಡ್ಡಿ ಹಿಡಿದು ಸುತ್ತಿದೆ. ಹೊಗೆ ಎಲ್ಲ ಕಡೆ ನೆಟ್ಟಗೆ ಮೇಲೇರಿತು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಮಾತ್ರ ಥಟ್ಟನೆ ಒಳಕ್ಕೆ ಬಾಗಿತು. ಹಳೇ ಟೆಲಿಫೋನ್ ವೈರ್ ಹೊರಗಿಂದ ಬರುವ ಕಿರುಬೆರಳಿನಷ್ಟು ತೂತು. ಅದರ ಪಕ್ಕದಲ್ಲೇ ನಾನೇ ಹಾಕಿದ ಚಾಕ್ ಗುರುತು.